ಕೌದಿ ಹೊದ್ದ ಕಾಗದ

“ಅವ್ವಾ, ಇನಾಸ ಕಾಕಾ ದಿನಾ ಸಂಜೀಕ ಯಾರನ್ನ ಮಲಗಸ್ತಾರ? ಅವರ ಮನ್ಯಾಗ ಯಾರೂ ಇಲ್ಲಲ್ಲ?”

ಶಾಲೆಯಿಂದ ಬರುವಾಗ ಮಗಳು ಕೇಳಿದಳು. ಬಂಗೂರನಗರದ ಝೆರಾಕ್ಸ್ ಅಂಗಡಿಯಲ್ಲಿ ಇನಾಸ ಒಂದು ಮರದ ಪೆಟ್ಟಿಗೆಗೆ ಕೌದಿ ಹೊದಿಸಿ ಅಂಚುಗಳನ್ನು ಕೆಳಗೆ ಸಿಕ್ಕಿಸುವುದನ್ನು ಅವಳು ಬಾಗಿಲಿನಿಂದ ನೋಡಿದ್ದಳು.

“ಕಾಗದ ಮಲಗಸ್ತಾರ.”

“ಕಾಗದಕ್ಕ ಥಂಡಿ ಆಗ್ತೈತೇನು?”

ಆಗುತ್ತದೆ. ನನಗೂ ಈ ಮಳೆಗಾಲದಲ್ಲೇ ತಿಳಿದದ್ದು. ಮಗಳ ಜನ್ಮಪತ್ರದ ನಕಲು ತೆಗೆಸಲು ಹೋದಾಗ ಅಕ್ಷರಗಳು ನೀರು ಬೆರೆಸಿದ ಮಜ್ಜಿಗೆಯಂತೆ ತೆಳ್ಳಗೆ ಬಂದವು. ಇನಾಸ ಆ ಹಾಳೆಯನ್ನು ಎಸೆದು, ಪೆಟ್ಟಿಗೆಯಿಂದ ಬೆಚ್ಚಗಿನ ಹಾಳೆ ತೆಗೆದ. ಒಳಗೆ ಅರವತ್ತು ಕ್ಯಾಂಡಲ್ಲಿನ ಬಲ್ಬು ಉರಿಯುತ್ತಿತ್ತು. ಈ ಸಲ ಅಕ್ಷರಗಳು ಅಚ್ಚುಗಪ್ಪು.

ಮಗಳ ತಲೆಯಿಂದ ಬಾಚಣಿಗೆ ತೆಗೆದು, ಅದನ್ನು ಕೂದಲಿಗೆ ಉಜ್ಜಿ ಕಾಗದದ ಚೂರುಗಳನ್ನು ಎತ್ತಿ ತೋರಿಸಿದ. “ಇಷ್ಟ ನೋಡ್ರಿ ಅಕ್ಕಾರ ಈ ಮಷಿನ್ನು. ಒಳಗ ಕಬ್ಬಿಣದ ಸಣ್ಣ ಕಾಳು ಅದಾವ. ಕರೀ ಪುಡಿ ಅವುಗಳ ಜೋಡಿ ತಿಕ್ಕಾಡಿ ಕರೆಂಟು ತುಂಬ್ಕೊಂತೈತಿ. ಅಕ್ಷರ ಇದ್ದಲ್ಲಿ ಹೋಗಿ ಹತ್ತತೈತಿ. ಕಾಗದ ಹಸಿ ಇದ್ರ ಕರೆಂಟು ಸೋರಿ ಹೋಗ್ತೈತಿ, ಪುಡಿ ನಿಲ್ಲೂದಿಲ್ಲ.”

ಅಲ್ಲೇ ನಿಂತಿದ್ದ ಗೂಳಪ್ಪ ನಕ್ಕ. ಅವನು ನನ್ನ ಗಂಡನ ಜೊತೆ ಕಾಗದ ಕಾರ್ಖಾನೆಯಲ್ಲಿರುವವನು. “ಏ ಇನಾಸಾ, ನಾವು ಒಣಗಿಸಿ ಕಳಿಸಿದ್ದನ್ನ ನೀ ಮತ್ತ ಒಣಗಸ್ತೀಯಲ್ಲೋ! ನಿನಗ ಪಗಾರ ಕೊಡಾಂವ ಯಾರೋ?”

“ನೀವು ಒಣಗಸ್ತೀರಿ, ನಿಮ್ಮೂರ ಮಳಿ ತೊಯ್ಸತೈತಿ. ನಡುವ ನಾ ಸಿಕ್ಕೇನ್ರಿ,” ಎಂದ ಇನಾಸ.

ಅವನು ಹಳಿಯಾಳದ ಕಡೆಯ ಕಾಡಿನೂರಿನ ಸಿದ್ದಿ ಜನಾಂಗದವನು. ಮೊದಲು ಕಾರ್ಖಾನೆಗೆ ಬಿದಿರು ಹೇರುತ್ತಿದ್ದ. ಎಂಬತ್ತೈದರಲ್ಲಿ ಈ ಮಷಿನ್ನನ್ನು ಲಾರಿಯಿಂದ ಇಳಿಸಲು ಬಂದವನು ಇಲ್ಲಿಯೇ ಉಳಿದ. ಹುಬ್ಬಳ್ಳಿಯಿಂದ ಬರುವ ಮೆಕ್ಯಾನಿಕ್‌ನ ಕೈಗಳನ್ನು ನೋಡಿ ನೋಡಿ ಕೆಲಸ ಕಲಿತ. ಹೆಂಡತಿ ರೋಜಿಯನ್ನು ಅಂಗಡಿಯ ಹಿಂದಿನ ಕೋಣೆಗೆ ಕರೆತರಬೇಕೆನ್ನುವಷ್ಟರಲ್ಲಿ ಅವಳು ಊರಲ್ಲಿ ಜ್ವರದಿಂದ ತೀರಿಕೊಂಡಳು. ಪೆಟ್ಟಿಗೆಯ ಮೇಲಿನ ಕೌದಿ ಅವಳು ಹೊಲಿದದ್ದು. ಅವನು ಮಾತ್ರ ತೆಳ್ಳನೆಯ ಚಾದರ ಹೊದ್ದು ಮಲಗುತ್ತಾನೆ. ಇದನ್ನೆಲ್ಲ ಅವನು ಒಮ್ಮೆಗೇ ಹೇಳಿದ್ದಲ್ಲ. ಮಳೆ ನಿಲ್ಲಲೆಂದು ನಾವು ಅಲ್ಲಿ ನಿಂತ ದಿನಗಳಲ್ಲಿ ಒಂದೊಂದೇ ಮಾತಾಗಿ ಬಂದದ್ದು.

ಅಂಗಡಿಯ ಮಾಲೀಕರು ಮಷಿನ್ನನ್ನು ಹಳಿಯಾಳದ ಬಸ್‌ಸ್ಟ್ಯಾಂಡಿನ ಬಳಿಗೆ ಒಯ್ಯುತ್ತಾರಂತೆ. ನಾಳೆ ಬೆಳಿಗ್ಗೆ ಟೆಂಪೋ ಬರುತ್ತದೆ. ಇನಾಸನೂ ಅದರಲ್ಲೇ ಹೊರಡುತ್ತಾನೆ. ಇಂದು ಮಧ್ಯಾಹ್ನ ಮಗಳನ್ನು ಕರೆದುಕೊಂಡು, ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದೆ. ಅಂಗಡಿಯ ಸಾಮಾನನ್ನೆಲ್ಲ ಆಗಲೇ ಕಟ್ಟಿಯಾಗಿತ್ತು, ಮಷಿನ್ನಿಗೂ ಗೋಣಿ ಸುತ್ತಿತ್ತು. ಪೆಟ್ಟಿಗೆ ಒಂದೇ ಕಟ್ಟದೆ ಉಳಿದಿತ್ತು, ಬಲ್ಬು ಉರಿಯುತ್ತಲೇ ಇತ್ತು.

“ಕಾಗದ ಎಲ್ಲಾ ಕಟ್ಟೀರಿ. ಇದರಾಗೇನೈತಿ ಇನಾಸಣ್ಣಾ?”

ಅವನು ಕೌದಿ ಸರಿಸಿ, ಮುಚ್ಚಳ ತೆಗೆದು, ಒಳಗೆ ಮಗುಚಿ ಹಾಕಿದ್ದ ಸ್ಟೀಲಿನ ತಾಟನ್ನು ಎತ್ತಿದ. ಕೆಳಗೆ ಒಂದೇ ಒಂದು ಹಾಳೆ. ಅದರಲ್ಲಿ ಒಬ್ಬ ಹೆಂಗಸಿನ ಮುಖ, ಕಿವಿಯ ಓಲೆ, ಸೆರಗಿನ ಅಂಚು.

ಮಗಳು ಬೆರಳು ಚಾಚಿದಳು. “ಮುಟ್ಟಬ್ಯಾಡ ತಂಗೀ!” ಎಂದು ತಾಟನ್ನು ಅಡ್ಡ ಹಿಡಿದ. ಅವನು ಅವಳಿಗೆ ಗದರಿದ್ದು ಅದೊಂದೇ ಸಲ.

ಮೇ ತಿಂಗಳಲ್ಲಿ ರೋಜಿಯ ಅಣ್ಣ ಬಸ್ತ್ಯಾಂವ ಊರಿನಿಂದ ಅವಳ ಫೋಟೋ ತಂದಿದ್ದನಂತೆ. ಇದ್ದದ್ದು ಅದೊಂದೇ. ನಕಲು ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಇನಾಸ ಮಷಿನ್ನಿನ ಬಾಗಿಲು ತೆಗೆದು ಹಾಳೆಯನ್ನು ಮೆಲ್ಲಗೆ ಹೊರಗೆಳೆದ. ಪುಡಿ ಕಾಗದಕ್ಕೆ ಹತ್ತಿತ್ತು; ಅದನ್ನು ಕರಗಿಸಿ ಕೂಡಿಸುವ ಬಿಸಿ ಉರುಳೆಯವರೆಗೆ ಮಾತ್ರ ಹಾಳೆ ಹೋಗಿರಲಿಲ್ಲ. ಬಸ್ತ್ಯಾಂವನ ಬಸ್ಸಿಗೆ ಹೊತ್ತಾಯಿತು. ಮತ್ತೊಮ್ಮೆ ತರುತ್ತೇನೆಂದು ಫೋಟೋ ಒಯ್ದ. ಜೂನಿನಲ್ಲಿ ಅವರ ಮನೆಯ ಗೋಡೆ ಸೋರಿ ಆ ಫೋಟೋ ಗಾಜಿಗೆ ಅಂಟಿ ಹಾಳಾಯಿತು.

“ಈಗ ಇದೊಂದ ಐತ್ರಿ. ಅದೂ ಬರೇ ಪುಡಿ, ಕರೆಂಟಿನ ಮ್ಯಾಲ ಕುಂತೈತಿ. ಸೀನಿದ್ರ ಹೋಗ್ತಾಳ. ಥಂಡಿ ಹತ್ತಬಾರ್ದಂತ ನಾಕ ತಿಂಗಳು ಹಿಂಗ ಇಟ್ಟೇನಿ.”

“ಮಷಿನ್ನಿಗೆ ಮತ್ತೊಮ್ಮೆ ಹಾಕೂದಿಲ್ಲೇನು?”

“ಗಾಜಿನ ಮ್ಯಾಲ ಬೋರಲು ಹಾಕಿದ್ರ ಪುಡಿ ಗಾಜಿಗೇ ಹತ್ತತೈತಿ, ಒಳಗ ತೂರಿಸಿದ್ರ ಉರುಳಿ ಎಳಕೋಳೂದ್ರಾಗ ಅಳಿಸಿ ಹೋಗ್ತೈತ್ರಿ.”

ನಾಳೆಯ ಟೆಂಪೋ, ಹಳಿಯಾಳದ ರಸ್ತೆಯ ತಗ್ಗುಗಳು ನನಗೆ ನೆನಪಾದವು. ಅವನಿಗೂ ಅದೇ ಚಿಂತೆ ಇದ್ದಿರಬೇಕು. ಮೂಲೆಯಲ್ಲಿದ್ದ ಮೂರು ಹಾಳೆಗಳನ್ನು ತೋರಿಸಿದ. ಹೀಗೆಯೇ ಅರ್ಧಕ್ಕೆ ತೆಗೆದ ನಕಲುಗಳನ್ನು ಸೀಮೆಎಣ್ಣೆ ಸ್ಟೋವಿನ ಮೇಲೆ ಕಾಸಿ ನೋಡಿದ್ದ. ಎರಡು ಕಮರಿದ್ದವು, ಒಂದು ಒರೆಸಿದರೆ ಅಳಿಸುತ್ತಿತ್ತು.

ನನ್ನ ರೊಟ್ಟಿಯ ಗಂಟು ಬಿಚ್ಚಿ, ಮೇಲಿನದನ್ನು ಎತ್ತಿ, ಅದರ ತಳವನ್ನು ಬಹಳ ಹೊತ್ತು ನೋಡಿದ. ಎಲ್ಲೂ ಕರಕಲಾಗಿರಲಿಲ್ಲ.

“ಅಕ್ಕಾರ, ಹಂಚಿನ ಕಾವು ನಿಮ್ಮ ಕೈಗೆ ಗೊತ್ತೈತಿ. ಮಾರಿ ಮ್ಯಾಲ ಮಾಡಿ, ಬೆನ್ನು ಹಂಚಿಗೆ ಹತ್ತೂಹಂಗ ಒಂದ ಗಳಿಗಿ ಇಕಿನ್ನ ಇಡ್ರಿ. ಪುಡಿ ಕರಗಿ ಮಿಂಚಿದ ಕೂಡ್ಲೇ ತಗೀರಿ. ನಾ ಒಳಗ ಬರೂದಿಲ್ಲ, ನಿಮ್ಮ ಕಟ್ಟಿ ಮ್ಯಾಲ ಕುಂದರ್ತೇನಿ. ಇಕಿ ಉಳಿದ್ರೂ, ಹೋದ್ರೂ ನೀವ ಬಂದು ಹೇಳ್ರಿ.”