ಹೊಗೆ ಹೋದ ಮೇಲಿನ ಒಲೆ

ಹೋದ ಚಳಿಗಾಲದಲ್ಲಿ ತಮ್ಮನ ಮಗಳ ಬಾಣಂತನ ನೋಡಲು ಬೇಲೂರಿಗೆ ಹೋಗಿದ್ದೆ. ಕೋಣೆಯ ಬಾಗಿಲು ತಳ್ಳಿದ ಕೂಡಲೇ ಸಾಂಬ್ರಾಣಿ, ಬಜೆ, ಹರಳೆಣ್ಣೆ ಎಲ್ಲದರ ಅಡಿಯಿಂದ ಇನ್ನೊಂದು ವಾಸನೆ ಮೂಗಿಗೆ ಬಂತು. ಬೂದಿ ಮುಚ್ಚಿದ ಕೆಂಡದ ವಾಸನೆ. ಮಂಚದ ಪಕ್ಕದಲ್ಲಿ ಅಗ್ಗಿಷ್ಟಿಕೆ ಇಟ್ಟಿದ್ದರು. ಕಿಟಕಿಯ ಸಂದಿಗೆ ಹಳೇ ಸೀರೆ ತುರುಕಿದ್ದರು. ಮಗು ಹೊರಗೆ ಅದರ ಅಜ್ಜಿಯ ತೋಳಲ್ಲಿತ್ತು. ಹುಡುಗಿ ಒಬ್ಬಳೇ ಮಲಗಿದ್ದಳು...

ಆ ವಾಸನೆಯ ಹಿಂದೆ ನಮ್ಮ ದೊಡ್ಡಮ್ಮ ಇದ್ದರು. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವರದು ನಮ್ಮ ಪಕ್ಕದ ಮನೆ. ನೆಂಟಸ್ತಿಕೆ ಏನೂ ಇಲ್ಲ, ಅಮ್ಮನಿಗಿಂತ ವಯಸ್ಸಿನಲ್ಲಿ ದೊಡ್ಡವರು, ಅದಕ್ಕೇ ದೊಡ್ಡಮ್ಮ. ಗಂಡ ಉಗಿ ಇಂಜಿನ್ನಿನ ಫೈರ್‌ಮನ್, ಮನೆಗಿಂತ ಹಳಿಯ ಮೇಲೆ ಇದ್ದದ್ದೇ ಹೆಚ್ಚು. ನಮ್ಮ ಸಾಲಿನಲ್ಲಿ ಎಲ್ಲರೂ ಅಡುಗೆ ಮಾಡುತ್ತಿದ್ದದ್ದು ಕಲ್ಲಿದ್ದಲ ಒಲೆಯಲ್ಲಿ. ತೂತು ಬಿದ್ದ ಬಕೆಟ್ಟಿಗೆ ಒಳಗೆಲ್ಲ ಜೇಡಿಮಣ್ಣು ಮೆತ್ತಿ, ನಡುವೆ ಕಬ್ಬಿಣದ ಸರಳು ಅಡ್ಡ ಹಾಕಿ, ಬೂದಿ ತೆಗೆಯಲು ಕೆಳಗೊಂದು ಬಾಯಿ ಕೊರೆದರೆ ಮುಗಿಯಿತು, ಒಲೆ. ಮಾಡುವುದು ಸುಲಭ, ಉರಿಸುವುದರಲ್ಲಿ ಹೆಂಗಸರ ಪ್ರಾಣ ಹೋಗುತ್ತಿತ್ತು. ನಮ್ಮಮ್ಮ ಊದುಗೊಳವೆ ಹಿಡಿದು ಊದಿ ಊದಿ, ಕಣ್ಣು ಕೆಂಪು ಮಾಡಿಕೊಂಡು, ಕೊನೆಗೆ ಅಪ್ಪನನ್ನು ಬೈಯುತ್ತಿದ್ದಳು. ಅಪ್ಪನಿಗೂ ಒಲೆಗೂ ಏನು ಸಂಬಂಧವೋ.

ಆಗ ದೊಡ್ಡಮ್ಮ ಬರುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತು, ತಲೆ ನೆಲಕ್ಕೆ ತಾಗುವಷ್ಟು ಬಗ್ಗಿ ಒಲೆಯ ಕೆಳಬಾಯಿಯೊಳಗೆ ಇಣುಕುತ್ತಿದ್ದರು.

"ಮೇಲಿಂದ ಯಾಕೇ ತಿವೀತೀಯ? ಕೆಳಗ್ ನೋಡು. ಬೂದಿ ಕಟ್ಕೊಂಡು ಕುಂತೈತೆ, ಗಾಳಿ ಎಲ್ಲಿಂದ ಬಂದಾತು?"

ಮೇಲಿಂದ ತಿವಿದರೆ ಬೂದಿ ಇನ್ನೂ ಇಳಿದು ಗಟ್ಟಿಯಾಗುತ್ತದೆ, ಕೆಳಗಿನಿಂದ ಕಡ್ಡಿ ಆಡಿಸಬೇಕು. ಕಲ್ಲಿದ್ದಲು ಕರಗಿ ಸರಳಿಗೆ ಅಂಟಿದ ಕಿಟ್ಟವನ್ನು ಬಿಸಿಯಲ್ಲಿ ಕೀಳಬಾರದು, ಒಲೆ ಆರಿದ ಮೇಲೆ ಕುಟ್ಟಿ ಉದುರಿಸಬೇಕು. ಕಲ್ಲಿದ್ದಲ ಪುಡಿಯನ್ನು ಹಾಗೇ ಸುರಿದರೆ ಒಲೆಯ ಗಾಳಿ ಕಟ್ಟುತ್ತದೆ, ಸಗಣಿ ಸೇರಿಸಿ ಉಂಡೆ ಮಾಡಿ ಒಣಗಿಸಬೇಕು. ಇದನ್ನೆಲ್ಲ ಅವರು ಬೈಯುತ್ತಲೇ ಹೇಳಿಕೊಡುತ್ತಿದ್ದರು. ಬೈಗುಳ ಮುಗಿಯುವ ಹೊತ್ತಿಗೆ ಒಲೆ ಬುಸ್ ಎಂದು ಹತ್ತಿಕೊಂಡಿರುತ್ತಿತ್ತು.

ಕೊನೆಯಲ್ಲಿ ಒಂದು ಮಾತು ತಪ್ಪದೇ ಹೇಳುತ್ತಿದ್ದರು. "ಹೊಗೆ ಹೋಗೋಗಂಟ ಒಳಕ್ ತರಬ್ಯಾಡ. ಹೊಗೆ ಹೋದ್ಮ್ಯಾಲೆ ಏನೂ ಭಯ ಇಲ್ಲ."

ಇಡೀ ಸಾಲು ಆ ಮಾತನ್ನು ನಂಬಿತ್ತು. ಎಲ್ಲರಿಗಿಂತ ಹೆಚ್ಚು ನಂಬಿದ್ದವರು ದೊಡ್ಡಮ್ಮನೇ.

ಅವರಿಗೆ ಒಬ್ಬಳೇ ಮಗಳು. ಬಾಣಾವರಕ್ಕೆ ಕೊಟ್ಟಿದ್ದರು. ನಾನು ಅಕ್ಕ ಎನ್ನುತ್ತಿದ್ದೆ. ಅವಳ ಮೊದಲ ಕೂಸು ಶೀತ ಹಿಡಿದು ಉಳಿದಿರಲಿಲ್ಲ. ಎರಡನೆಯದಕ್ಕೆ ದೊಡ್ಡಮ್ಮ ಮಾಲೇಕಲ್ಲು ಬೆಟ್ಟ ಹತ್ತಿ ಹರಕೆ ಹೊತ್ತು ಬಂದರು. ಈ ಸಲ ತಾಯಿಗೂ ಮಗುವಿಗೂ ಒಂದಿಷ್ಟು ತಂಡಿ ಸೋಕಬಾರದು ಎಂಬುದೊಂದೇ ಅವರ ತಲೆಯಲ್ಲಿ. ಹೆಣ್ಣು ಮಗು ಹುಟ್ಟಿತು. ಅರಸೀಕೆರೆಯ ಪುಷ್ಯಮಾಸದ ಚಳಿ ಬೇರೆ. ದೊಡ್ಡಮ್ಮ ಕಿಟಕಿ ಮುಚ್ಚಿ, ಸಂದಿಗೆಲ್ಲ ಹಳೇ ಬಟ್ಟೆ ತುಂಬಿ, ಬಾಗಿಲ ಕೆಳಗೆ ಗೋಣಿತಾಟು ಮಡಿಸಿಟ್ಟರು. ಕೋಣೆಯಲ್ಲಿ ಮಡಕೆ ಚೂರಿನಲ್ಲಿ ನಾಲ್ಕು ಕೆಂಡ ಇಡುತ್ತಿದ್ದರು. ಚಳಿ ಜೋರಾದ ಒಂದು ಬೆಳಿಗ್ಗೆ ಅದು ಸಾಲದು ಅನ್ನಿಸಿತು.

ಅಂದು ಅಕ್ಕನಿಗೆ ಎಣ್ಣೆ ಹಚ್ಚಿ, ಸುಡುಸುಡು ನೀರು ಎರೆದು, ಹೊದಿಸಿ ಮಲಗಿಸಿದರು. ಬಕೆಟ್ ಒಲೆಯನ್ನು ಹಿತ್ತಲಲ್ಲೇ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಪಗೆ ನಿಗಿನಿಗಿ ಆಗುವವರೆಗೂ ಕಾದರು. ಕಾವು ಹೆಚ್ಚು ಹೊತ್ತು ನಿಲ್ಲಲಿ ಎಂದು ಮೇಲೆ ಬೂದಿ ಮುಚ್ಚಿ, ಒಳಗೆ ತಂದಿಟ್ಟರು. ಮಗು ಅಳುತ್ತಿತ್ತು. ಅಕ್ಕನ ನಿದ್ದೆ ಕೆಡುವುದು ಬೇಡವೆಂದು ಅದನ್ನು ಎತ್ತಿಕೊಂಡು, ಬಾಗಿಲು ಬಿಗಿಯಾಗಿ ಎಳೆದುಕೊಂಡು, ನಮ್ಮ ಜಗುಲಿಗೆ ಬಿಸಿಲು ಕಾಯಲು ಬಂದರು.

ಮಗು ಮುಷ್ಟಿ ಚೀಪುತ್ತಿತ್ತು. "ಅಕ್ಕನ್ನ ಎಬ್ಬಿಸ್ಲಾ ದೊಡ್ಡಮ್ಮ? ಪಾಪುಗೆ ಹಸಿವಾಗಿದೆ" ಎಂದೆ.

"ಬ್ಯಾಡ ಕಣವ್ವ. ನೀರು ಹುಯ್ಕೊಂಡ ಸುಸ್ತು. ವಸಿ ಮಲ್ಕೊಳ್ಳಿ."

ಅಮ್ಮ, ದೊಡ್ಡಮ್ಮ ಇಬ್ಬರೂ ಅವರೆಕಾಯಿ ಬಿಡಿಸುತ್ತಾ ಮಾತಿಗೆ ಕೂತರು. ಬಿಸಿಲು ಏರಿ ಜಗುಲಿಯಿಂದ ಅಂಗಳಕ್ಕೆ ಸರಿಯಿತು. ಕೊನೆಗೆ ಮಗುವಿನ ಅಳು ತಡೆಯಲಾರದೆ ದೊಡ್ಡಮ್ಮ ಎದ್ದು ಹೋದರು. ಗೋಡೆಯಾಚೆ ಅವರು ಮಗಳನ್ನು ಕರೆಯುವುದು ಕೇಳಿಸಿತು. ಮೊದಲು ಮೆಲ್ಲಗೆ, ಮುದ್ದಿನಿಂದ. ಆಮೇಲೆ ಗದರಿಸಿ. ಆಮೇಲೆ... ಅಮ್ಮ ಅವರೆಕಾಯಿ ಮೊರ ಹಾಗೇ ಬಿಟ್ಟು ಓಡಿದಳು. ಹಿಂದೆಯೇ ಹೋದ ನಾನು ನೋಡಿದೆ. ಅಕ್ಕನ ಕೆನ್ನೆ ಕೆಂಪಗೆ, ಕಳೆಕಳೆಯಾಗಿತ್ತು. ಸತ್ತವರ ಮುಖ ಹಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಸಾಲಿನವರು ಸನ್ನಿ ಎಂದರು, ದೃಷ್ಟಿ ಎಂದರು. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ವಿಷಗಾಳಿ ತುಂಬಿದೆ, ಅದಕ್ಕೆ ಹೊಗೆಯೂ ಇಲ್ಲ ವಾಸನೆಯೂ ಇಲ್ಲ ಎಂದು ಡಾಕ್ಟರು ಹೇಳಿದ್ದನ್ನು ಯಾರೂ ನಂಬಲಿಲ್ಲ. ನಂಬಿದ್ದು ದೊಡ್ಡಮ್ಮ ಒಬ್ಬರೇ. ಅಮ್ಮನ ಕೈ ಹಿಡಿದು ಒಂದೇ ಮಾತು ಹೇಳುತ್ತಿದ್ದರು. "ಹೊಗೆ ಇರ್ನಿಲ್ಲ ಕಣೇ... ನಾನೇ ನೋಡಿದ್ನಲ್ಲ, ಒಂದೆಳೆ ಹೊಗೆ ಇರ್ನಿಲ್ಲ."

ಮಗುವನ್ನು ಬಾಣಾವರದವರು ಕರೆದುಕೊಂಡು ಹೋದರು. ಅಜ್ಜಿಗೆ ಮತ್ತೆ ತೋರಿಸಲಿಲ್ಲ. ಆಮೇಲೆ ದೊಡ್ಡಮ್ಮ ಯಾರ ಒಲೆಯನ್ನೂ ಮುಟ್ಟಲಿಲ್ಲ. ಆದರೆ ಎಲ್ಲಿ ಬಾಣಂತನವಿದ್ದರೂ ಕರೆಯದೇ ಹೋಗಿ, ಹೊರಗೆ ನಿಂತು ಕಿಟಕಿ ಬಡಿಯುತ್ತಿದ್ದರು. "ತಗೀರವ್ವ, ವಸಿ ತಗೀರಿ." ಮಗಳನ್ನು ತಿಂದುಕೊಂಡವಳು ನಮ್ಮ ಬಾಣಂತಿಯ ಮೇಲೆ ಕಣ್ಣು ಹಾಕುತ್ತಾಳೆ ಎಂದು ಆ ಮನೆಗಳವರು ಅಟ್ಟಿದರು. ಒಬ್ಬರಂತೂ ಮೇಲೆ ನೀರು ಸುರಿದರು. ಆ ಜನರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ನನ್ನ ತಮ್ಮ ಹುಟ್ಟಿದಾಗ ನಮ್ಮಜ್ಜಿ ಬೇಡಬೇಡವೆಂದರೂ ಅಮ್ಮ ಎದ್ದು ಕಿಟಕಿ ತೆಗೆದಳು. ದೊಡ್ಡಮ್ಮ ಒಳಗೆ ಬರಲಿಲ್ಲ. ಹೊರಗೆ ಸರಳು ಹಿಡಿದುಕೊಂಡು ನಿಂತು, ಅಮ್ಮ ಉಸಿರಾಡುವುದನ್ನು ನೋಡುತ್ತಿದ್ದರು. ಮುಂದೆ ಅವರ ಗಂಡನಿಗೆ ವರ್ಗವಾಯಿತು. ದೊಡ್ಡಮ್ಮ ತೀರಿಕೊಂಡರೆಂಬ ಸುದ್ದಿ ಯಾವಾಗಲೋ ಬಂತು...

ಬೇಲೂರಿನ ಆ ಕೋಣೆಯಲ್ಲಿ ನಾನು ಸೀರೆ ಕಿತ್ತೆಸೆದು ಕಿಟಕಿ ತೆಗೆದೆ. ಅಗ್ಗಿಷ್ಟಿಕೆಯನ್ನು ಅಂಗಳಕ್ಕೆ ಒಯ್ದಿಟ್ಟೆ. ತಮ್ಮನ ಹೆಂಡತಿ ಓಡಿ ಬಂದಳು.

"ಗಾಳಿ ಬಡಿಯುತ್ತೆ ಅತ್ತಿಗೆ! ಹೊಗೆನೇ ಇರ್ಲಿಲ್ವಲ್ಲ?"

ಮಂಚದ ಮೇಲೆ ಕೂತು ಹುಡುಗಿಯ ಭುಜ ಹಿಡಿದು ಅಲ್ಲಾಡಿಸಿದೆ. ಹೆಸರು ಹಿಡಿದು ಕರೆದೆ. ಮತ್ತೆ ಕರೆದೆ. ನನ್ನ ದನಿ ನನಗೇ ಬೇರೆಯವರದ್ದೆನ್ನುವಂತೆ ಕೇಳಿಸಿತು. ಅವಳು ಕಣ್ಣು ಬಿಟ್ಟು ಮುಖ ಸಿಂಡರಿಸಿದಳು.

"ಏನತ್ತೆ ನೀವು, ಈಗಷ್ಟೇ ನಿದ್ದೆ ಹತ್ತಿತ್ತು" ಎಂದು ಗೊಣಗಿ ಪಕ್ಕಕ್ಕೆ ಹೊರಳಿದಳು.

ನನಗೆ ಅಳು ಬಂತು. ಎಬ್ಬಿಸಿದ್ದಕ್ಕೆ ಬೈಸಿಕೊಳ್ಳುವಷ್ಟು ಭಾಗ್ಯ ದೊಡ್ಡಮ್ಮನಿಗೆ ಇರಲಿಲ್ಲ.