ರುಚಿ ನೋಡದೆ ಬೇಯಿಸಿದ ಸಿಗಡಿ

ಆರನೇ ಕಾಲುವೆಯ ದಡದಲ್ಲಿ ನಿಂತು ನ್ಯಾನ್ ಮನೆ ಯಾವುದು ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಎಂಟನೇ ಅತ್ತಿಗೆ ಮನೆ ಎನ್ನಿ, ದೋಣಿ ಹತ್ತಿಸಿ ಬಾಗಿಲವರೆಗೂ ಬಿಟ್ಟು ಬರುತ್ತಾರೆ. ಗಂಡ ಕ್ವೋಯ್ ಅಣ್ಣತಮ್ಮಂದಿರ ಸಾಲಿನಲ್ಲಿ ಎಂಟನೆಯವನು. ಮದುವೆಯಾಗಿ ಬಂದ ದಿನವೇ ಅವಳ ಹೆಸರು ಹೋಗಿ ಆ ಅಂಕಿ ಅಂಟಿಕೊಂಡಿತು. ಅವಳಿಗೆ ಅದರ ಬೇಸರವೇನೂ ಇಲ್ಲ. ಈಗ ಅರವತ್ತೆರಡು ವರ್ಷ, ಗಿಡ್ಡ ಆಳು, ಮಾತು ಕಡಿಮೆ. ಆದರೆ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳೆಂದರೆ ಎಂಥ ದೊಡ್ಡವರೂ ಸುತ್ತಿಬಳಸಿ ಹೋಗಬೇಕು.

ಅವಳ ಕೈಯಡುಗೆಯಲ್ಲಿ ಹೆಸರಾದದ್ದು ಬಿಯರಿನಲ್ಲಿ ಬೇಯಿಸಿದ ಸಿಗಡಿ. ಕಾಲುವೆ, ಸಿಗಡಿ ಹೊಂಡಗಳ ಈ ಕಾ ಮಾವ್ ಸೀಮೆಯಲ್ಲಿ ಈಗ ಎಲ್ಲರ ಮನೆಯಲ್ಲೂ ಮಾಡುತ್ತಾರೆ. ಮೊದಲು ಮಾಡಿದವಳು ಇವಳೇ ಎಂದರೆ ಏಳನೇ ಕಾಲುವೆಯವರು ಜಗಳಕ್ಕೆ ಬರುತ್ತಾರೆ, ಆದ್ದರಿಂದ ಆ ಮಾತು ಬೇಡ. ಮದುವೆಯಾದ ವರ್ಷ ಒಂದು ಮಧ್ಯಾಹ್ನ ಮಾವ ಸಿಗಡಿ ಹೊಂಡದಿಂದ ಹಸಿದು ಬಂದಿದ್ದರು. ಬುಟ್ಟಿಯಲ್ಲಿ ಸಿಗಡಿ ಚಿಮ್ಮುತ್ತಿತ್ತು, ಬೇಯಿಸಲು ಮನೆಯಲ್ಲಿ ಎಳನೀರಿರಲಿಲ್ಲ. ಮದುವೆಗೆ ತಂದು ಉಳಿದಿದ್ದ ಬಿಯರ್ ಬಾಟಲಿ ಮೂಲೆಯಲ್ಲಿತ್ತು. ಹೊಸ ಸೊಸೆ ಮುಚ್ಚಳ ಕಿತ್ತು ಪಾತ್ರೆಗೆ ಸುರಿದುಬಿಟ್ಟಳು. ಮಾವ ಒಂದು ತಿಂದರು, ಹತ್ತು ತಿಂದರು, ಸಿಪ್ಪೆಯ ಗುಡ್ಡೆ ಬೆಳೆಯಿತು.

"ಇದನ್ನ ಯಾರು ಹೇಳ್ಕೊಟ್ರು ನಿಂಗೆ?"

"ಯಾರೂ ಇಲ್ಲ ಮಾವ. ಎಳನೀರು ಇರ್ಲಿಲ್ಲ."

"ಒಳ್ಳೇದಾಯ್ತು ಬಿಡು. ಇನ್ಮೇಲೆ ನಂಗೆ ಮರ ಹತ್ತೋ ಕೆಲ್ಸ ತಪ್ತು."

ಆ ಮಾವ ತೀರಿಕೊಂಡು ಇಪ್ಪತ್ತೊಂದು ವರ್ಷ. ಎಂಟನೇ ತಿಂಗಳ ಹುಣ್ಣಿಮೆಯ ಮರುದಿನ ಅವರ ತಿಥಿ. ಹುಣ್ಣಿಮೆಗೆ ಕಡಲ ನೀರು ಉಕ್ಕುತ್ತದೆ, ಅದು ಇಳಿಯುವಾಗ ಹೊಂಡದ ತೂಬು ತೆರೆದರೆ ಬಲೆಯ ತುಂಬ ಸಿಗಡಿ. ಅಪ್ಪ ತಾಜಾ ಸಿಗಡಿ ಸಿಗುವ ದಿನ ನೋಡಿಕೊಂಡೇ ಹೊರಟರು ಎಂದು ಹಿರಿಯ ಮಗ ಥ್ವಾನ್ ಪ್ರತಿ ವರ್ಷ ಹೇಳುತ್ತಾನೆ, ಎಲ್ಲರೂ ಪ್ರತಿ ವರ್ಷ ನಗುತ್ತಾರೆ. ತೀರಿಕೊಂಡ ಹಿರಿಯರ ಫೋಟೋ ಕೆಳಗಿನ ಪೀಠದ ಮೇಲೆ ಮೊದಲು ಇಡುವ ತಟ್ಟೆ ನ್ಯಾನ್ ಬೇಯಿಸಿದ ಬಿಯರ್ ಸಿಗಡಿಯದು. ಅದಕ್ಕೆ ಅವಳಲ್ಲದೆ ಇನ್ನೊಬ್ಬರು ಕೈ ಹಾಕಿದ್ದಿಲ್ಲ.

ಹೀಗಿರುವಾಗ, ಮೂರು ವರ್ಷದ ಹಿಂದೆ ಲೋಕಕ್ಕೆಲ್ಲ ಬಂದ ಜ್ವರ ಅವಳಿಗೂ ಬಂತು. ಜ್ವರ ಬಿಟ್ಟಿತು, ಹೋಗುವಾಗ ಮೂಗು ನಾಲಿಗೆ ಎರಡನ್ನೂ ಕಟ್ಟಿಕೊಂಡು ಹೋಯಿತು. ಮೀನಿನ ಗೊಜ್ಜು ಮೂಗಿನ ಹತ್ತಿರ ಹಿಡಿದರೂ ನೀರು ಹಿಡಿದ ಹಾಗೆ. ಗಂಡನಿಗೊಬ್ಬನಿಗೆ ಹೇಳಿದ್ದಳು. ಅವನು ಬಾಯಿಗೆ ಬೀಗ ಹಾಕಿಕೊಂಡಿದ್ದ. ಆದರೆ ಈ ಸಲದ ಹೊಸ ವರ್ಷದ ದಿನ ಹಂದಿಮಾಂಸಕ್ಕೆ ಇಟ್ಟ ಸಕ್ಕರೆಪಾಕ ಸೀದು ಕರಕಲಾಗುತ್ತಿದ್ದಾಗ ಅವಳು ಪಕ್ಕದಲ್ಲೇ ಬೆನ್ನು ಹಾಕಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಆಗ ಒಳಗೆ ಬಂದವಳು ಮನೆಯ ಕೊನೆಯ ಮಗಳು ಲಾಯ್, ನಾದಿನಿ. ಪೇಟೆಯಲ್ಲಿ ಬಟ್ಟೆ ಅಂಗಡಿ. ಅಂಗಡಿಯೊಳಗೆ ಮಾತಾಡಿದರೆ ಬಸ್ ನಿಲ್ದಾಣದಲ್ಲಿ ಜನ ತಿರುಗಿ ನೋಡುವಂಥ ದನಿ.

"ಅತ್ಗೆ! ಮನೆ ಹತ್ಕೊಂಡು ಉರೀತಿದೆ! ವಾಸ್ನೆ ಬರ್ತಿಲ್ವಾ ನಿಮ್ಗೆ?"

"ಇಲ್ಲ" ಎಂದಳು ನ್ಯಾನ್. ಸುಳ್ಳು ಹೇಳಲು ಹೊತ್ತಿರಲಿಲ್ಲ.

ಅಲ್ಲಿಂದ ಗುಟ್ಟು ರಟ್ಟಾಯಿತು. ತಿಥಿಗೆ ಒಂದು ತಿಂಗಳಿರುವಾಗ ಲಾಯ್ ಮತ್ತೆ ಬಂದಳು. ಎಲ್ಲರಿಗಿಂತ ಹಿರಿಯನಾದ ಥ್ವಾನ್‌ನನ್ನೂ ಜೊತೆಗೆ ಕರೆತಂದಿದ್ದಳು.

"ಅತ್ಗೆ, ನೀವಿನ್ನು ಆರಾಮಾಗಿರಿ. ಪೇಟೆ ಕೇಟರಿಂಗ್‌ನವ್ರಿಗೆ ಹೇಳಿದೀನಿ. ಅಪ್ಪನ ತಿಥಿ ಅಡ್ಗೆ ಎಲ್ಲಾ ಅವ್ರೇ ಮಾಡ್ತಾರೆ."

"ಸಿಗಡಿ?"

"ಅದೂ ಅವ್ರೇ."

"ಸಿಗಡಿ ನಾನ್ ಮಾಡ್ತೀನಿ."

"ಮೂಗಿಲ್ಲ, ನಾಲ್ಗೆ ಇಲ್ಲ, ಏನ್ ಮಾಡ್ತೀರಿ ಅತ್ಗೆ? ಬಿಯರ್ ಒಂಚೂರು ಜಾಸ್ತಿ ಬತ್ತಿದ್ರೆ ಕಷಾಯ ಆಗತ್ತೆ. ನಲವತ್ತು ಜನದ ಮುಂದೆ ಅಪ್ಪನ ಮರ್ಯಾದೆ ಹೋಗತ್ತೆ."

"ಅಲ್ಲ ಲಾಯ್..." ಎಂದು ಕ್ವೋಯ್ ಬಾಯಿ ತೆರೆದ.

"ನೀನು ಸುಮ್ನಿರು ಎಂಟನೇ ಅಣ್ಣ. ಮೂರು ವರ್ಷ ಸುಮ್ನಿದ್ದೆ ತಾನೇ? ಈಗ್ಲೂ ಹಾಗೇ ಇರು."

ನ್ಯಾನ್ ಮಡಿಲಲ್ಲಿದ್ದ ಸೊಪ್ಪನ್ನು ಪಕ್ಕಕ್ಕಿಟ್ಟಳು. "ತಿಥಿ ಅಡ್ಗೇನ ಪೀಠಕ್ಕಿಟ್ಟು, ಊದುಬತ್ತಿ ಉರ್ದು ಮುಗಿಯೋ ತನಕ ಯಾರೂ ಬಾಯಿಗಿಡೋ ಹಾಗಿಲ್ಲ. ಮುಂಚೆ ಮುಟ್ಟಿದ್ರೆ ಎಂಜಲು. ಇಪ್ಪತ್ತೊಂದು ವರ್ಷದಲ್ಲಿ ನಾನು ಒಂದೇ ಒಂದು ಸಿಗಡಿ ರುಚಿ ನೋಡಿ ಮಾಡಿಲ್ಲ. ಅವತ್ತು ಬೇಡದ ನಾಲ್ಗೆ ಇವತ್ತು ಯಾಕೆ ಬೇಕು?"

ಥ್ವಾನ್‌ಗೆ ನಗು ತಡೆಯಲಾಗಲಿಲ್ಲ. ಎಪ್ಪತ್ತೆಂಟರ ಮುದುಕ, ನಕ್ಕರೆ ಕೆಮ್ಮು ಬರುತ್ತದೆ. ಕೆಮ್ಮಿ ಮುಗಿಸಿ ತೀರ್ಮಾನ ಹೇಳಿದ: "ಸಿಗಡಿ ಎಂಟನೆಯವ್ಳೇ ಮಾಡ್ಲಿ, ಮಿಕ್ಕಿದ್ದು ಪೇಟೆಯವ್ರು. ಸಿಗಡಿ ಕೆಟ್ರೆ ಬರೋ ವರ್ಷದಿಂದ ಪೂರ್ತಿ ಲಾಯ್ ಹೇಳ್ದಂಗೆ. ಆಮೇಲೆ ಯಾರೂ ಮುಖ ಊದಿಸ್ಕೋಬಾರ್ದು."

ಮಾತಿನಲ್ಲಿ ಗೆದ್ದಳು, ಸರಿ. ಹಿತ್ತಲಿಗೆ ಬಂದು ಅವಳು ಯೋಚಿಸಿದಳು. ನಾಲಿಗೆ ಬೇಡ ಎಂದದ್ದು ನಿಜ, ಆದರೆ ಮೂಗು? ಪಾತ್ರೆಯ ಸಂದಿನಿಂದ ಬರುವ ಹಬೆಯ ವಾಸನೆ ತಿರುಗಿದ ಗಳಿಗೆಗೆ ಇಳಿಸುವುದು ಅವಳ ಲೆಕ್ಕ. ಆ ಲೆಕ್ಕ ಈಗ ಇಲ್ಲ. ಜ್ವರದ ನಂತರದ ತಿಥಿಗಳಲ್ಲಿ ಕ್ವೋಯ್ ಏನೋ ನೆಪ ಹೇಳಿ ಅಡುಗೆಮನೆಗೆ ಬಂದು, ಮೂಸಿ, ಕಣ್ಸನ್ನೆ ಮಾಡಿ ಹೋಗಿದ್ದ. ಈ ಸಲ ಎಲ್ಲರ ಕಣ್ಣೂ ಅವನ ಮೇಲೆ. ಆ ಒಲೆ ಕೈಬಿಟ್ಟರೆ ನಲವತ್ತು ವರ್ಷ ಬಾಳಿದ ಮನೆಯಲ್ಲೇ ತಾನು ನೆಂಟರ ಸಾಲಿನಲ್ಲಿ ಬಟ್ಟಲು ಹಿಡಿದು ಕೂರಬೇಕು.

ಮರುದಿನವೇ ಅಭ್ಯಾಸ ಶುರುವಾಯಿತು. ಒಂದು ಹಿಡಿ ಸಿಗಡಿ, ಒಂದು ಲೋಟ ಬಿಯರ್, ತಳಕ್ಕೆ ಹಾಸಲು ನಿಂಬೆಹುಲ್ಲು, ಸಣ್ಣ ಪಾತ್ರೆ. ಅವಳು ಕಣ್ಣು ಮುಚ್ಚಿ ಮುಚ್ಚಳದ ಹತ್ತಿರ ಕಿವಿಯಿಡುವಳು, ಕ್ವೋಯ್ ಮೂಗು ಒಡ್ಡಿಕೊಂಡು ನಿಲ್ಲುವನು.

"ಈಗ?"

"ಇನ್ನೂ ಇಲ್ಲ."

"ಈಗ?"

"ಹಾಂ, ಈಗ ಬಂತು."

ಆ 'ಈಗ'ಕ್ಕೆ ಪಾತ್ರೆ ಯಾವ ಸದ್ದು ಮಾಡುತ್ತಿದೆ ಎಂದು ಅವಳು ಕೇಳಿಸಿಕೊಂಡಳು. ಮೊದಲು ಸಿಗಡಿಗಳು ಮುಚ್ಚಳಕ್ಕೆ ಪಟಪಟ ಹೊಡೆಯುತ್ತವೆ. ಆಮೇಲೆ ಒಂದು ಗಳಿಗೆ ಮೌನ. ಆಮೇಲೆ ಬಿಯರ್ ಗೊಳಗೊಳ ಕುದಿಯುತ್ತದೆ. ಕೊನೆಗೆ ನಿಂಬೆಹುಲ್ಲು ತಳ ಹಿಡಿದು ಚುರ್ ಎನ್ನುತ್ತದೆ. ಚುರ್ ಎಂದರೆ ಕೆಟ್ಟಿತು. ಗೊಳಗೊಳ ಸಣ್ಣಗಾಗಿ ಚುರ್ ಬರುವ ಮೊದಲು, ಎರಡರ ನಡುವೆ ಒಂದು ತೆಳ್ಳನೆ ಸಿಳ್ಳು ಕೇಳುತ್ತದೆ. ಅದು ಸಿಕ್ಕಲು ಅವಳಿಗೆ ಹದಿನಾರು ದಿನ ಹಿಡಿಯಿತು. ಅಷ್ಟರಲ್ಲಿ ಕ್ವೋಯ್ ಅಷ್ಟೂ ಪಾತ್ರೆ ಸಿಗಡಿ ತಿಂದು ಸೋತುಹೋಗಿದ್ದ.

"ಸಾಕು ಕಣೇ. ನಂಗೂ ಸಿಗಡಿ ಥರ ಮೀಸೆ ಬರ್ತಿದೆ" ಎಂದು ಗೋಗರೆದ.

ತಿಥಿಯ ಬೆಳಿಗ್ಗೆ ತೂಬಿನ ಬಲೆಯಲ್ಲಿ ಎರಡು ಬುಟ್ಟಿ ಸಿಗಡಿ ಬಂತು. ಪೇಟೆಯಿಂದ ಕೇಟರಿಂಗ್‌ನವನೂ ಬಂದ: ಬಿಳಿ ಟೋಪಿ, ಮೂರು ಗ್ಯಾಸ್ ಒಲೆ, ಸೊಂಟದಲ್ಲಿ ಒಂದು ಉದ್ದನೆ ಚಮಚ. ಮದುವೆ ಅಡುಗೆಯಲ್ಲಿ ಎತ್ತಿದ ಕೈ ಎಂದು ಲಾಯ್ ಎಲ್ಲರಿಗೂ ಪರಿಚಯ ಮಾಡಿಸಿದಳು. ಮೂಲೆಯ ಮಣ್ಣಿನ ಒಲೆಗೆ ಸೌದೆ ಒಟ್ಟುತ್ತಿದ್ದ ನ್ಯಾನ್‌ಳನ್ನು ನೋಡಿ ಅವನಿಗೆ ಕರುಣೆ ಬಂತು.

"ಅಜ್ಜಿ, ಯಾಕಿಷ್ಟು ಕಷ್ಟ? ನನ್ ಹತ್ರ ಟೈಮರ್ ಇದೆ, ಕೊಡ್ಲಾ?"

"ಬೇಡಪ್ಪ. ಈ ಸಿಗಡಿಗೆ ಗಡಿಯಾರ ನೋಡೋಕೆ ಬರಲ್ಲ."

ಅವಳು ನಿಂಬೆಹುಲ್ಲನ್ನು ಜಜ್ಜಿ ದೊಡ್ಡ ಪಾತ್ರೆಯ ತಳಕ್ಕೆ ಹಾಸಿಗೆಯಂತೆ ಹರಡಿದಳು, ಮೇಲೆ ನಾಲ್ಕು ಮೆಣಸಿನಕಾಯಿ. ಹುಲ್ಲು ಮುಳುಗುವಷ್ಟೇ ಬಿಯರ್ ಸುರಿದಳು. ಸಿಗಡಿ ಹಬೆಯಲ್ಲಿ ಬೇಯಬೇಕು, ಬಿಯರಿನಲ್ಲಿ ಈಜಬಾರದು. ಜೀವಂತ ಸಿಗಡಿಯನ್ನು ಒಮ್ಮೆಗೇ ಸುರಿದು ಮುಚ್ಚಳವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಪಟಪಟ ಶುರುವಾಯಿತು.

ಅಷ್ಟು ಹೊತ್ತಿಗೆ ಥ್ವಾನ್ ಉದ್ದನೆಯ ಕರಿ ಅಂಗಿ ತೊಟ್ಟು, ಪೀಠಕ್ಕೆ ತಟ್ಟೆಗಳನ್ನು ಒಯ್ಯಲು ಅಡುಗೆಮನೆಗೆ ಬಂದ. ಬಂದವನು ಬಾಗಿಲಲ್ಲೇ ನಿಂತ. ಬಿಳಿ ಟೋಪಿಯವನು ಸೂಪಿಗೆ ಚಮಚ ಅದ್ದಿ, ಚಪ್ಪರಿಸಿ, ಮತ್ತೆ ಅದೇ ಚಮಚ ಅದ್ದುತ್ತಿದ್ದ.

"ಏನಪ್ಪಾ ಮಾಡ್ತಿದೀಯ?"

"ಉಪ್ಪು ನೋಡ್ತಿದೀನಿ ಅಜ್ಜ. ಫಸ್ಟ್ ಕ್ಲಾಸಾಗಿದೆ!"

"ಸೂಪೊಂದೇ ತಾನೇ ನೋಡಿದ್ದು?"

"ಛೇ, ಎಲ್ಲಾದ್ರದ್ದೂ ನೋಡಿದೀನಿ. ಕೋಳಿ, ಹಂದಿ, ಪಲ್ಯ, ಒಂದೂ ಬಿಟ್ಟಿಲ್ಲ!" ಅವನು ಹೆಮ್ಮೆಯಿಂದ ಹೇಳಿದ.

ಲಾಯ್ ಮುಖ ಬಿಳಿಚಿಕೊಂಡಿತು. "ಅಯ್ಯೋ ಪಾಪಿ! ಅಪ್ಪನಿಗಿಡೋ ಅಡ್ಗೇನ ಎಂಜಲು ಮಾಡಿದ್ಯಲ್ಲೋ!"

"ಮದ್ವೆ ಮನೇಲಿ ರುಚಿ ನೋಡ್ದೆ ಬಡಿಸಿದ್ರೆ ಹೊಡೀತಾರಕ್ಕ..."

"ಇದು ಮದ್ವೆ ಮನೇನಾ? ಗೋಡೆ ಮೇಲಿರೋ ಫೋಟೋ ಮದುಮಗಂದಾ?"

ಹೊರಗಿದ್ದ ನೆಂಟರೆಲ್ಲ ಬಾಗಿಲಿಗೆ ಮುತ್ತಿದರು. ಒಬ್ಬರು ಬೈದರು, ಒಬ್ಬರು ನಕ್ಕರು, ಹತ್ತು ಜನ ಹತ್ತು ಉಪಾಯ ಹೇಳಿದರು. ಗದ್ದಲವೋ ಗದ್ದಲ. ಆಗ ಮೂಲೆಯಿಂದ ಒಂದು ಗುಡುಗು ಬಂತು. ನಲವತ್ತು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಕೇಳಿರದ ದನಿ.

"ಬಾಯ್ ಮುಚ್ಚಿ ಎಲ್ರೂ! ನಂಗೆ ಕೇಳಿಸ್ತಿಲ್ಲ!"

ನ್ಯಾನ್ ನೆಲಕ್ಕೆ ಬಾಗಿ ಪಾತ್ರೆಯ ಪಕ್ಕ ಕಿವಿ ಕೊಟ್ಟಿದ್ದಳು. ಅಡುಗೆಮನೆ ಗಪ್‌ಚಿಪ್ ಆಯಿತು. ಬಿಳಿ ಟೋಪಿಯವನು ತಾನೇ ಹೋಗಿ ಮೂರೂ ಗ್ಯಾಸ್ ಆರಿಸಿದ. ಲಾಯ್ ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದಳು. ನಲವತ್ತು ಜನ ಉಸಿರು ಬಿಗಿಹಿಡಿದು ಒಂದು ಪಾತ್ರೆಯ ಗೊಳಗೊಳ ಕೇಳುತ್ತಾ ನಿಂತರು. ಅದು ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು. ಬೇರೆ ಯಾರಿಗೂ ಕೇಳದ ಏನೋ ಅವಳಿಗೆ ಕೇಳಿತು. ಸರಕ್ಕನೆ ಪಾತ್ರೆ ಇಳಿಸಿ ಮುಚ್ಚಳ ತೆಗೆದಳು.

ಸಿಗಡಿ ಕೆಂಪಗೆ, ಹೊಳೆಯುತ್ತಾ, ಕುಡುಗೋಲಿನ ಹಾಗೆ ಬಾಗಿ ಮಲಗಿತ್ತು. ಒಂದೂ ಸುರುಟಿ ಉಂಡೆಯಾಗಿರಲಿಲ್ಲ.

"ಎಂಟನೆಯವ್ಳೇ, ಇದನ್ನ ಯಾರೂ ಮುಟ್ಟಿಲ್ಲ ತಾನೇ?" ಥ್ವಾನ್ ಕೇಳಿದ.

"ಮುಚ್ಚಳ ತೆಗ್ದಿದ್ದೇ ಈಗ ಬಾವ, ನಿಮ್ಮ ಕಣ್ಣೆದ್ರಿಗೆ."

ಆ ವರ್ಷ ಪೀಠದ ಮೇಲೆ ಅನ್ನದ ಬಟ್ಟಲು, ತೆರೆದ ಒಂದು ಬಿಯರ್ ಡಬ್ಬಿ, ಒಂದು ತಟ್ಟೆ ಸಿಗಡಿ, ಇಷ್ಟೇ. ಮಿಕ್ಕ ಹದಿನಾಲ್ಕು ಬಗೆ ಅಡುಗೆಮನೆಯಲ್ಲೇ ಸಾಲಾಗಿ ಕೂತು ಸರದಿ ಕಾಯಿತು. ಥ್ವಾನ್ ಊದುಬತ್ತಿ ಹಚ್ಚಿ ಮೂರು ಸಲ ಬಾಗಿದ. ಬತ್ತಿ ಉರಿದು ಮುಗಿಯುವುದಕ್ಕೆ ಮುಕ್ಕಾಲು ಗಂಟೆ ಬೇಕು. ಆ ಮುಕ್ಕಾಲು ಗಂಟೆ ನ್ಯಾನ್ ಬಾವಿಕಟ್ಟೆಯ ಮೇಲೆ ಕೂತು ಒಂದೇ ಪಾತ್ರೆಯನ್ನು ನಾಲ್ಕು ಸಲ ತೊಳೆದಳು. ರುಚಿ ಹೇಗಿದೆ ಎಂದು ಇನ್ನೂ ಯಾರಿಗೂ ಗೊತ್ತಿರಲಿಲ್ಲ.

ತಟ್ಟೆ ಕೆಳಗಿಳಿಯಿತು. ಮೊದಲು ತಿನ್ನಬೇಕಾದವನು ಥ್ವಾನ್. ಒಂದು ಸುಲಿದು, ಉಪ್ಪು ಮೆಣಸು ನಿಂಬೆರಸಕ್ಕೆ ಅದ್ದಿ ಬಾಯಿಗಿಟ್ಟ. ನಿಧಾನವಾಗಿ ಅಗಿದ. ಎರಡನೆಯದಕ್ಕೆ ಕೈ ಹಾಕಿದ, ಅದು ಮುಗಿಯುವ ಮೊದಲೇ ಮೂರನೆಯದಕ್ಕೆ.

"ಅಣ್ಣ, ಹೇಗಿದೆ ಹೇಳೋ!" ಲಾಯ್‌ಗೆ ತಡೆಯಲಾಗಲಿಲ್ಲ.

"ಬಾಯಿ ತುಂಬಿರೋವಾಗ ಮಾತಾಡ್ಬಾರ್ದು ಅಂತ ಅಪ್ಪ ಹೇಳ್ಕೊಟ್ಟಿದಾರೆ" ಎಂದ ಥ್ವಾನ್, ಬಾಯಿ ತುಂಬಿಕೊಂಡೇ.

ಹೋ ಎಂದು ನಗು ಎದ್ದಿತು. ಆಮೇಲೆ ಹತ್ತು ಮೇಜುಗಳಲ್ಲಿ ಸಿಪ್ಪೆ ಮುರಿಯುವ ಸದ್ದು ಬಿಟ್ಟರೆ ಇನ್ನೊಂದಿಲ್ಲ. ಕ್ವೋಯ್, ಸಿಗಡಿ ಕಂಡರೆ ಓಡಿಹೋಗುವ ಸ್ಥಿತಿಯಲ್ಲಿದ್ದವನು, ಏಳು ತಿಂದ. ಬಿಳಿ ಟೋಪಿಯವನು ಟೋಪಿ ತೆಗೆದಿಟ್ಟು ಕೂತು ತಿಂದ.

ನ್ಯಾನ್ ಬಂದು ಮೇಜಿನ ತುದಿಯಲ್ಲಿ ಕೂತಳು. ಲಾಯ್ ಎದ್ದು ಬಂದು ಅವಳ ಪಕ್ಕ ಜಾಗ ಮಾಡಿಕೊಂಡಳು. ಒಂದು ದೊಡ್ಡ ಸಿಗಡಿಯನ್ನು ಆರಿಸಿ, ಸುಲಿದು, ಉಪ್ಪಿಗೆ ಅದ್ದಿ ಅತ್ತಿಗೆಯ ಬಟ್ಟಲಿಗೆ ಹಾಕಿದಳು. ನಲವತ್ತು ವರ್ಷದಲ್ಲಿ ಅವಳು ಹಾಗೆ ಮಾಡಿದ್ದು ಅದೇ ಮೊದಲು.

"ತಿನ್ನಿ ಅತ್ಗೆ."

ನ್ಯಾನ್ ತಿಂದಳು. ಹಲ್ಲಿಗೆ ಬಿಗಿಯಾಗಿ ಸಿಕ್ಕಿ ಮೆತ್ತಗೆ ಮುರಿಯಿತು. ನಾಲಿಗೆಗೆ ಏನೂ ಇಲ್ಲ.

"ನಿಮ್ಗೆ ಗೊತ್ತಾಗಲ್ವಲ್ಲ, ನಾನು ಹೇಳ್ತೀನಿ ಕೇಳಿ" ಎಂದಳು ಲಾಯ್. ಆ ಗಟ್ಟಿ ದನಿಯನ್ನು ಅಷ್ಟು ತಗ್ಗಿಸಲು ಅವಳಿಗೆ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಅವಳೂ ಒಂದು ಬಾಯಿಗಿಟ್ಟು ಕಣ್ಣು ಮುಚ್ಚಿದಳು. "ಮೊದ್ಲು ನಿಂಬೆಹುಲ್ಲು ಬರತ್ತೆ. ಆಮೇಲೆ ಸಿಹಿ, ನಮ್ಮ ಹೊಂಡದ ಸಿಗಡೀದೇ ಸಿಹಿ. ಅದ್ರ ಹಿಂದೆ ಮೆಣಸಿನ್ಕಾಯಿ, ಸ್ವಲ್ಪ."

"ಕಹಿ?"

"ಇದೆ. ಕೊನೇಲಿ, ಇರ್ಬೇಕಾದಷ್ಟೇ. ಅಪ್ಪ ಇದ್ದಾಗ ಇದ್ದಷ್ಟೇ."

ನ್ಯಾನ್ ಕಣ್ಣು ತುಂಬಿ ಬಂತು. ಸೆರಗಿಲ್ಲದ ಅಂಗಿಯ ತೋಳಿನಲ್ಲಿ ಒರೆಸಿಕೊಂಡು, ಬಟ್ಟಲನ್ನು ನಾದಿನಿಯ ಕಡೆಗೆ ಸರಿಸಿದಳು.

"ಹಾಗಾದ್ರೆ ಇನ್ನೊಂದು ಸುಲಿ."