ಸಿದ್ದಯ್ಯ ಮೇಷ್ಟ್ರ ‘ಇನ್‌ಟ್ಯಾಕ್ಟ್’

ಸಿದ್ದಯ್ಯ ಮೇಷ್ಟ್ರು ಇಂಗ್ಲಿಷ್ ಪಾಠಕ್ಕೆ ಬರುವಾಗ ಕೋಟಿನ ಜೇಬಿನಲ್ಲಿ ಕೋಳಿಮೊಟ್ಟೆ ತರುತ್ತಿದ್ದರು. ಹೊಳೆನರಸೀಪುರದ ಹೊರಗಿನ ಕೇರಿಯಿಂದ ಶಾಲೆಯವರೆಗೆ ನಡೆದು ಬಂದು, ಅದನ್ನು ಮೇಜಿನ ಮೇಲಿಟ್ಟು, “ಇನ್‌ಟ್ಯಾಕ್ಟ್” ಎನ್ನುತ್ತಿದ್ದರು. ಹೊಸದಕ್ಕೆಲ್ಲ ಆ ವಿಶೇಷಣ ಸಲ್ಲದು. “ಒಡೆಯೋಕೆ ನೂರು ದಾರಿ ಇದ್ದೂ ಇಡಿಯಾಗಿ ಉಳೀತಲ್ಲ, ಅದಕ್ಕೆ ಈ ಮಾತು ಕಣ್ರಪ್ಪ.” ಇದು ಅವರ ನಿಘಂಟು. ಒಮ್ಮೆ ಹಿಂದಿನ ಬೆಂಚಿನವನೊಬ್ಬ, “ಬೇಯ್ಸಿದ್ರೆ, ಸಾ?” ಎಂದ.

“ಬೇಯ್ಸಿದ್ರೂ ಇನ್‌ಟ್ಯಾಕ್ಟೇ ಕಣ್ಲಾ, ನೀನು ಬಾಯಾಕೋ ಗಂಟ.”

ಐವತ್ತರ ದಶಕದ ಕೊನೆಯ ವರ್ಷಗಳು. ಅಸ್ಪೃಶ್ಯತೆಯನ್ನು ಕಾನೂನು ಅಪರಾಧವೆಂದು ಸಾರಿತ್ತು. ನಮ್ಮ ಶಾಲೆಯ ಜಗಲಿಯಲ್ಲಿ ಅದು ರೂಢಿಯೆಂಬ ಹೆಸರಿನಲ್ಲಿ ನಡೆದೇ ಇತ್ತು. ಅಲ್ಲಿದ್ದ ನೀರಿನ ಮಡಕೆಯಿಂದ ಮೇಲ್ಜಾತಿಯವರು ತಾವೇ ಮೊಗೆದು ಕುಡಿಯುತ್ತಿದ್ದರು. ಕೇರಿಯ ಮಕ್ಕಳಿಗೆ ಜವಾನ ಎತ್ತರದಿಂದ ಬೊಗಸೆಗೆ ಹೊಯ್ಯುತ್ತಿದ್ದ. ಅದೇ ಕೇರಿಯವರಾದ ಸಿದ್ದಯ್ಯನವರು ಕೆಲಸಕ್ಕೆ ಸೇರಿದ ದಿನವೇ ತಾವಾಗಿ ಮೊಗೆದು ಕುಡಿದರು. ಸಂಜೆ ಜವಾನ ಮಡಕೆಯನ್ನು ಹಿತ್ತಲಲ್ಲಿ ಒಡೆದ. ಮರುದಿನ ಹೊಸದು ಬಂತು, ಅವರು ಮತ್ತೆ ಕುಡಿದರು, ಜವಾನ ಅದನ್ನೂ ಒಡೆದ. ತಾವು ಕುಡಿದ ಮೇಲೂ ಒಂದು ಮಡಕೆ ಇಡಿಯಾಗಿ ಉಳಿಯಬೇಕು, ಅದನ್ನು ಮಕ್ಕಳು ಕಣ್ಣಾರೆ ನೋಡಬೇಕು ಎಂಬುದಷ್ಟೇ ಅವರ ಹಟ.

ಸಹೋದ್ಯೋಗಿಯಾದ ನಾನು ಮೇಲಿನವರಿಗೆ ಅರ್ಜಿಗಳನ್ನು ಬರೆದೆ. ಇದನ್ನು ಆಚಾರವೆನ್ನಬೇಡಿ, ಅಪರಾಧವೆನ್ನಿ ಎಂದು ಬರೆದೆ. ಹಾಸನದಿಂದ ವಿಚಾರಣೆಗೆ ಬಂದ ಅಧಿಕಾರಿ ಹೆಡ್‌ಮಾಸ್ತರರ ಮನೆಯಲ್ಲಿ ಉಂಡು, ಅನುಸರಿಸಿಕೊಂಡು ಹೋಗಿ ಎಂದು ನಮ್ಮಿಬ್ಬರಿಗೇ ಬುದ್ಧಿ ಹೇಳಿ ಹೊರಟರು. ಅದಾದ ಮೇಲೆ ಹೆಡ್‌ಮಾಸ್ತರರು ಮಡಕೆಯನ್ನೇ ತೆಗೆಸಿಬಿಟ್ಟರು. ಉಳಿದ ಮಕ್ಕಳಿಗೆ ಸುತ್ತಲಿನ ಮನೆಗಳಲ್ಲಿ ನೀರು ಸಿಗುತ್ತಿತ್ತು; ಕೇರಿಯ ಮಕ್ಕಳು ಬಿಸಿಲಲ್ಲಿ ಹೇಮಾವತಿಗೆ ಓಡಬೇಕಾಯಿತು. ಶಿಕ್ಷೆ ಯಾರಿಗೆ ತಟ್ಟುವುದೆಂದು ತಿಳಿದೇ ಮಾಡಿದ ಕೆಲಸ ಅದು.

ಒಂದು ಬೆಳಿಗ್ಗೆ ಕೇರಿಯ ತಾಯಿಯೊಬ್ಬಳು ಶಾಲೆಯ ಬಾಗಿಲಲ್ಲಿ ಸಿದ್ದಯ್ಯನವರನ್ನು ತಡೆದಳು. “ನಿನ್ನ ಅಟ ನಿಂಗೆ ಚೆಂದ ಕಣಣ್ಣ. ನನ್ ಮಗ ನಾಲ್ಗೆ ಒಣಗ್ಸ್ಕೊಂಡು ಮನೆಗ್ ಬತ್ತದೆ.”

ಅವರು ನೇರವಾಗಿ ಹೆಡ್‌ಮಾಸ್ತರರ ಕೋಣೆಗೆ ಹೋಗಿ, ಇನ್ನು ತಾವು ಮಡಕೆ ಮುಟ್ಟುವುದಿಲ್ಲವೆಂದು ಒಪ್ಪಿಕೊಂಡು ಬಂದರು. ಮಧ್ಯಾಹ್ನದ ಹೊತ್ತಿಗೆ ಮಡಕೆ ಜಗಲಿಗೆ ಮರಳಿತು. ಕೇರಿಯ ಮಕ್ಕಳ ಸಾಲಿನ ಕೊನೆಯಲ್ಲಿ ನಿಂತು, ಕೋಟಿನ ತೋಳು ಮಡಿಚಿ, ಸಿದ್ದಯ್ಯನವರು ಜವಾನನ ಮುಂದೆ ಬೊಗಸೆ ಒಡ್ಡಿದರು.

ಕೆಲವೇ ವಾರಗಳಲ್ಲಿ ಕೊಣನೂರಿನ ಕಡೆಗೆ ವರ್ಗ ಕೇಳಿ ಪಡೆದರು. ಬಸ್ಸಿನ ಬಳಿ ನಾನು ಇನ್ನೊಂದು ಅರ್ಜಿಯ ಮಾತೆತ್ತಿದೆ.

“ಬ್ಯಾಡಿ ಸಾ. ನೀವು ಬರುದ್ರೆ ಮಡಕೆ ಮತ್ತೆ ಎತ್ತುಬುಡ್ತಾರೆ. ಐಕ್ಳು ನೀರು ಕುಡೀಲಿ, ಬುಡಿ.”

ಬಸ್ಸು ಹೊರಟಿತು. ಅವರನ್ನು ನಾನು ಮತ್ತೆ ಕಾಣಲಿಲ್ಲ. ಮರುದಿನ ಜಗಲಿಯಲ್ಲಿ ಜವಾನ ಎತ್ತರದಿಂದ ನೀರು ಹೊಯ್ಯುತ್ತಿದ್ದ. ಇದು ಅಪರಾಧವೆಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಮಕ್ಕಳು ಕುಡಿದು ಮುಗಿಸುವವರೆಗೂ ಸುಮ್ಮನೆ ನಿಂತಿದ್ದೆ.